ಕಬ್ಬಿನ ರಸ ಕುಡಿಯುವ ಗಾಡಿ

ಶೈಲಜವ್ವಾ,

ಇಂದು ಮುಂಜಾನೆ ಊರೆಲ್ಲ ಮಂಜು ಕವಿದಿದೆ, ಎದುರಿನ ಬೇವಿನ ಮರವೂ ಕಾಣುತ್ತಿಲ್ಲ. ನಾನು ಮೊದಲ ಬಸ್ಸಿಗೆ ಹೂಲಿಯ ಗುಡಿಗೆ ಪೂಜೆಗೆ ಹೊರಟೆ. ಎಥೆನಾಲ್ ಹೆಚ್ಚು ಬೆರೆತ ಪೆಟ್ರೋಲಿಗೆಂದು ನೀನು ಟ್ಯೂನ್ ಮಾಡಿದ ಗಾಡಿಗೆ ಇಂದು ಧಾರವಾಡದ ಕಾಲೇಜಿನಲ್ಲಿ ಪರೀಕ್ಷೆ. ತಪ್ಪಿದರೆ ಮಗಳ ವರ್ಷವೇ ಹಾಳು ಎಂದು ನಿನ್ನ ಅವ್ವ ಗೊಣಗುತ್ತಲೇ ಇದ್ದಾಳೆ.

ಎಥೆನಾಲ್ ಎಂದರೆ ಸಾರಾಯಿಯೇ, ಕುಡುಕ ಗಾಡಿ ನಮ್ಮ ಅಂಗಳ ದಾಟಬಾರದು ಎಂದು ಹಟ ಹಿಡಿದವನು ನಾನು. ನಿನ್ನೆ ಗ್ಯಾರೇಜಿನ ಆಸೀಮ ನಕ್ಕುಬಿಟ್ಟ: “ಕಾಕಾ, ಕಬ್ಬಿಂದ ತಗದದ್ದ ಐತ್ರಿ ಅದು. ನೀವು ಹೊಲದಾಗ ಕಬ್ಬ ಬೆಳೀಬೌದು, ಗಾಡಿ ಅದರ ರಸ ಕುಡೀಬಾರದೇನ್ರಿ? ಎಷ್ಟ ಕುಡದ್ರೂ ತೂರಾಡಂಗಿಲ್ಲ ಬಿಡ್ರಿ!”

ಸ್ನಾನ ಮುಗಿಸಿ ಈಗ ನಾನೇ ಚಾಲೂ ಮಾಡಿ ನೋಡಿದೆ. ಚಳಿಗೆ ಮುದುಕನಂತೆ ಕೆಮ್ಮಿ ಕೆಮ್ಮಿ ಎದ್ದಿತು. ಹೊಗೆಯಲ್ಲಿ ಸಾರಾಯಿಯ ನಾತ ಹುಡುಕಿದೆ. ಗಾಣದ ಮನೆಯಲ್ಲಿ ಬೆಲ್ಲ ಕುದಿಯುವಂಥ ವಾಸನೆ ಬಂತು. ಶಿವನೇ ನಕ್ಕಂತಾಯಿತು.

ಇನ್ನು ನನ್ನ ಮಾತು ಕೇಳು. ಎಂಜಿನ್ ಬೆಚ್ಚಗಾಗುವ ತನಕ ಜೋರು ಮಾಡಬೇಡ. ಬರೀ ಪೆಟ್ರೋಲಿಗಿಂತ ಇದು ಹೆಚ್ಚು ಕುಡಿಯುತ್ತದಂತೆ, ಇದೇ ಮಿಶ್ರಣ ತುಂಬಿದ ಕ್ಯಾನು ಡಿಕ್ಕಿಯಲ್ಲಿರಲಿ. ಅವಸರಕ್ಕೆ ಬೇರೆ ಪೆಟ್ರೋಲ್ ಸುರಿದು ನಿನ್ನ ಟ್ಯೂನಿಂಗ್ ಕೆಡಿಸಿಕೊಳ್ಳಬೇಡ. ರೊಟ್ಟಿ ಬುಟ್ಟಿಯಲ್ಲಿದೆ, ತಿಂದೇ ಹೋಗು.

ಮೊನ್ನೆ ನಿನ್ನ ಕೈಯಿಂದ ಕಸಿದುಕೊಂಡ ಚಾವಿಯನ್ನು ನಿನ್ನ ದಿಂಬಿನ ಪಕ್ಕ ಇಟ್ಟಿದ್ದೇನೆ. ಎಬ್ಬಿಸಲಿಲ್ಲ.

ಅಪ್ಪ