ಅಮ್ಮ ಆರಿಸಿದ ಚಿತ್ರ

ಅಪ್ಪಾ,

ನೀವು ಹೋದ ಮೇಲೆ ಅಮ್ಮ ಹೂಂ, ಉಹೂಂ ಬಿಟ್ಟರೆ ಬೇರೆ ಮಾತೇ ಆಡುತ್ತಿರಲಿಲ್ಲ. ನನಗೆ ಭಯವಾಗಿತ್ತು. ಇವತ್ತು ನಿಮ್ಮ ಸಿನಿಮಾ ಗೆಳೆಯರಾದ ಟೈಲರ್ ಮಾಮ, ಮೇಷ್ಟ್ರು ಇಬ್ಬರೂ ಬಂದಿದ್ದರು. ಈ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿ ಯಾವುದಕ್ಕೆ ಬರಬೇಕೆಂದು ಎಂದಿನ ಜಟಾಪಟಿ ಶುರುವಾಯಿತು. ಮೇಷ್ಟ್ರು ಯುದ್ಧದ ಚಿತ್ರಕ್ಕೆ ಅಂದರೆ, ಟೈಲರ್ ಮಾಮ ಹಡಗಿನ ಚಿತ್ರಕ್ಕೆಂದು ಮೇಜು ಗುದ್ದಿದರು.

ನೀವಿದ್ದಾಗ ಅಮ್ಮ ಟೀ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಇವತ್ತು ಅಲ್ಲೇ ನಿಂತಳು.

"ಎರಡಕ್ಕೂ ಬೇಡ. ಆ ನರ್ಸ್ ಕಥೆಗೆ ಕೊಡ್ಬೇಕು."

ಹೋದ ವಾರ ನಾನೇ ಬಲವಂತವಾಗಿ ಕರೆದೊಯ್ದಿದ್ದ ಚಿತ್ರವದು. ಅವಳು ಪರದೆಯತ್ತ ನೋಡಲೇ ಇಲ್ಲ ಎಂದುಕೊಂಡಿದ್ದೆ.

"ಅದ್ರಲ್ಲಿ ಏನೂ ನಡೆಯೋದೇ ಇಲ್ವಲ್ಲ ಅತ್ತಿಗೆ!" ಎಂದರು ಮೇಷ್ಟ್ರು.

"ನಡೆಯಲ್ವಾ? ಗಂಡ ಸತ್ತ ಮೇಲೆ ಅವಳು ಮೊದಲ್ನೇ ಸಲ ಒಬ್ಬಳೇ ಊಟಕ್ಕೆ ಕೂರ್ತಾಳಲ್ಲ, ನೀವೇನು ಆಗ ನಿದ್ದೆ ಮಾಡ್ತಿದ್ರಾ?"

ಮೇಷ್ಟ್ರು ಸೋಲೊಪ್ಪಲಿಲ್ಲ, ಅಮ್ಮನೂ ಬಿಡಲಿಲ್ಲ. ಅವರು ಮೆಟ್ಟಿಲಿಳಿಯುವಾಗಲೂ, "ಭಾನುವಾರ ಬನ್ನಿ, ನನ್ ಮಾತಿನ್ನೂ ಮುಗಿದಿಲ್ಲ!" ಎಂದು ಕೂಗಿದಳು. ನನಗೆ ಹೋದ ಜೀವ ಬಂದಂತಾಯಿತು.

ಈಗ ಅಡುಗೆಮನೆಯಲ್ಲಿ ಬಿಸಿನೀರು ಕುಡಿಯುತ್ತಿದ್ದಾಳೆ ಅಪ್ಪಾ. ಮಾತಾಡಿ ಮಾತಾಡಿ ಗಂಟಲು ಕಟ್ಟಿದೆಯಂತೆ.