ಕೊನೆಯ ಹಾಳೆಗೆ ಎಳೆದ ಬಾಣ

ಬಸವನಗುಡಿ
೧೪ ಸೆಪ್ಟೆಂಬರ್ ೧೯೯೮, ಸೋಮವಾರ ಮಧ್ಯಾಹ್ನ

ಮಹಾಜನಗಳೇ, ಮಹನೀಯರೇ, ಮಾತೆಯರೇ, ಹಿಂದಿನ ಬೆಂಚಿನಲ್ಲಿ ಕಡಲೇಕಾಯಿ ಸುಲಿಯುತ್ತಾ ಕೂತಿರುವ ರಸಿಕ ಶಿಖಾಮಣಿಗಳೇ,

ನೋಡಿದೆಯಾ ಮೈತ್ರೇಯಿ, ಪೆನ್ನು ಹಿಡಿದರೆ ಕೈ ತಾನಾಗಿಯೇ ಹೀಗೆ ಶುರು ಮಾಡಿಬಿಡುತ್ತದೆ. ಮೂವತ್ತೊಂದು ವರ್ಷ ಪ್ರತಿಯೊಂದು ಕ್ಲಾಸನ್ನೂ ಹೀಗೇ ಕೂಗಿ ಆರಂಭಿಸಿದವನು ನಾನು. ನೀವು ಅರವತ್ತು ಜನ ನಗುತ್ತಿದ್ದಿರಿ. ಪಕ್ಕದ ಕೋಣೆಯವರು ಬಂದು ನಮ್ಮ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಇವತ್ತು ನನ್ನ ಸಭೆಯಲ್ಲಿ ಇರುವವಳು ನೀನೊಬ್ಬಳೇ. ನೀನೂ ಎದ್ದು ಹೋಗಬಹುದು, ತಪ್ಪೇನಿಲ್ಲ. ಹೋಗುವ ಮೊದಲು ಮುಂದಿನ ನಾಲ್ಕು ಸಾಲು ಓದಿಬಿಡು.

ನಾಳೆ ಹನ್ನೊಂದು ಗಂಟೆಗೆ ಕಾಲೇಜಿನ ವಿಚಾರಣಾ ಸಮಿತಿ ನಿನ್ನ ಮುಂದೆ ಒಂದು ಕಾಗದ ಇಡುತ್ತದೆ. ವಿದ್ಯಾರ್ಥಿನಿಲಯದ ನೀರಿನ ತೊಟ್ಟಿ ಬೀಳುವ ಅಪಾಯವನ್ನು ನೀನು ಸ್ಪಷ್ಟವಾಗಿ ತಿಳಿಸಲಿಲ್ಲ ಎಂದು ಅದರಲ್ಲಿ ಟೈಪ್ ಮಾಡಿದ್ದಾರೆ. ಅದಕ್ಕೆ ಸಹಿ ಹಾಕಬೇಡ. ಹಾಕಿದರೆ ತಡೆಹಿಡಿದಿರುವ ಡಿಗ್ರಿ ಬಿಡುಗಡೆ ಮಾಡುತ್ತಾರಂತೆ. ಆದರೆ ಡಿಗ್ರಿಯ ಜೊತೆಗೆ ತೊಟ್ಟಿಯಡಿ ಸಿಕ್ಕ ಅಡುಗೆಯ ಪಿಳ್ಳಮ್ಮನ ಸಾವನ್ನೂ ನಿನ್ನ ಹೆಸರಿಗೆ ಬರೆದುಕೊಡುತ್ತಾರೆ. ಜೀವಮಾನವೆಲ್ಲಾ ಅದನ್ನು ಹೊತ್ತುಕೊಂಡು ತಿರುಗುವ ವಯಸ್ಸಲ್ಲ ನಿನ್ನದು. ಅದು ನಿನ್ನ ಹೊರೆಯೂ ಅಲ್ಲ.

ಫೋನು ಮಾಡಿದೆ, ನಾಲ್ಕು ಸಲ. ನಾಲ್ಕು ಸಲವೂ ನಿಮ್ಮ ತಾಯಿ ಗೋದಾ ಅವರೇ ಎತ್ತಿಕೊಂಡರು. ಮೂರು ಸಲ ನನ್ನ ದನಿ ಕೇಳಿದ ಕೂಡಲೇ ಇಟ್ಟರು. ನಾಲ್ಕನೆಯ ಸಲ, "ಅವಳು ಮಾತಾಡೋದನ್ನೇ ಬಿಟ್ಟಿದ್ದಾಳೆ ಮೇಷ್ಟ್ರೇ, ನೀವು ಚೆನ್ನಾಗಿ ಕಲಿಸಿದ್ರಲ್ಲ ಮಾತು" ಅಂದರು. ಆಮೇಲೆ ಇಟ್ಟರು. ಅದಕ್ಕೇ ಈ ಪತ್ರ. ನಮ್ಮ ಆಫೀಸಿನ ರಾಮಾನುಜ ವೈಯಾಲಿಕಾವಲ್‌ನಲ್ಲಿ ನಿಮ್ಮ ಹಿಂದಿನ ಬೀದಿಯಲ್ಲೇ ಇರುವುದಲ್ಲವೇ, ಸಂಜೆ ಮನೆಗೆ ಹೋಗುವಾಗ ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಈಗ ಕಥೆಗೆ ಬರೋಣ. ನನ್ನ ಕಥೆ ನಿನಗೆ ಗೊತ್ತು. ತಂದೆ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ಟರು. ನಾನು ಐದನೇ ವಯಸ್ಸಿಗೆ ಬಾಲ ಪ್ರಹ್ಲಾದ, ಹನ್ನೆರಡಕ್ಕೆ ಕಾವಲುಗಾರ, ಗಂಟಲು ಒಡೆದ ಮೇಲೆ ಪರದೆ ಎಳೆಯುವವನು. ಕಂಪನಿ ಮುಚ್ಚಿದ ಮೇಲೆ ಓದಿ, ಎಂ.ಎ. ಮಾಡಿ, ಈ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಿಮ್ಮಂಥವರಿಗೆ ವರದಿ ಬರೆಯುವುದು, ಸೆಮಿನಾರು ಮಾತಾಡುವುದು ಕಲಿಸುವ ಮೇಷ್ಟ್ರಾದೆ. ಕ್ಯಾಂಟೀನಿನಲ್ಲಿ ನನ್ನನ್ನು ಡ್ರಾಮಾ ಸಂಕರ್ಷಣ ಅನ್ನುತ್ತೀರೆಂದು ತಿಳಿಯದವನಲ್ಲ. ಅದನ್ನು ಬಿರುದು ಅಂದುಕೊಂಡು ಹೆಗಲ ಮೇಲೆ ಹೊದ್ದುಕೊಂಡು ಓಡಾಡಿದವನು.

ನನ್ನ ಪಾಠವೆಲ್ಲಾ ತಂದೆಯವರ ಒಂದೇ ಮಾತಿನ ಮೇಲೆ ನಿಂತಿತ್ತು. ಪರದೆ ಎದ್ದ ಕೂಡಲೇ ರಾಜ ಸತ್ತನೆಂದು ಹೇಳಿಬಿಟ್ಟರೆ ಜನ ಎದ್ದು ಮನೆಗೆ ಹೋಗುತ್ತಾರೆ ಕಣೋ, ಅಂತ. ಮೊದಲು ನಾಂದಿ, ಆಮೇಲೆ ದಾನಿಗಳ ಸ್ತುತಿ, ಆಮೇಲೆ ಒಂದು ಹಾಸ್ಯ, ಮೆಲ್ಲಗೆ ಕಟ್ಟುತ್ತಾ ಕಟ್ಟುತ್ತಾ ಹೋಗಿ ಕೊನೆಯಲ್ಲಿ ಸಿಡಿಲು. ಬೋರ್ಡಿನ ಮೇಲೆ ಬೆಟ್ಟದ ಹಾಗೆ ಗೆರೆ ಎಳೆದು ತುದಿಯಲ್ಲಿ ಸುಣ್ಣದ ಕಡ್ಡಿ ಮುರಿಯುತ್ತಿದ್ದೆನಲ್ಲ, ನೆನಪಿದೆಯಾ. ತೂಗುಸೇತುವೆಯ ಲೆಕ್ಕವಾದರೂ ಸರಿ, ಬಾಯ್ಲರ್ ವರದಿಯಾದರೂ ಸರಿ, ಅದೇ ಬೆಟ್ಟ. ನಿಮ್ಮ ಕ್ಲಾಸಿನ ಮಂಜುನಾಥ್ ಒಂದು ದಿನ ಎದ್ದು ನಿಂತು, "ಸಾರ್, ಬಾಯ್ಲರ್ ಕಾಯುತ್ತಾ ಕ್ಲೈಮ್ಯಾಕ್ಸಿಗೆ?" ಅಂದ. ಕ್ಲಾಸೆಲ್ಲಾ ನಕ್ಕಿತು, ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಜನವರಿಯಲ್ಲಿ ನೀನು ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ. ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಚಾಮರಾಜಪೇಟೆಯ ವಿದ್ಯಾರ್ಥಿನಿಲಯದ ಹಳೆಯ ತೊಟ್ಟಿಯೇ ನಿನ್ನ ಕೊನೆಯ ವರ್ಷದ ಪ್ರಾಜೆಕ್ಟು. ನಾಲ್ಕು ಕಂಬದ ಮೇಲೆ ನಿಂತ ಆ ತೊಟ್ಟಿಯನ್ನು ನೀನು ಎರಡು ತಿಂಗಳು ತಟ್ಟಿ, ಅಳೆದು, ಲೆಕ್ಕ ಹಾಕಿದ್ದೆ. ನನಗೆ ಅರ್ಥವಾಗಲೆಂದು ನಮ್ಮ ಅಡುಗೆಮನೆಯ ಕಂಬವನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ತೋರಿಸಿದೆ. ಒಳಗೆ ಗಟ್ಟಿಯಿದ್ದರೆ ಟಣ್ ಅನ್ನುತ್ತೆ ಸಾರ್, ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಬಿಟ್ಟುಕೊಂಡಿದ್ದರೆ ಡೊಬ್ ಅನ್ನುತ್ತೆ, ನಾಲ್ಕರಲ್ಲಿ ಎರಡು ಕಂಬ ಡೊಬ್ ಅನ್ನುತ್ತಿವೆ ಅಂದೆ. ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಹತ್ತು ನಿಮಿಷ ಕೊಟ್ಟಿದ್ದಾರೆ, ಭಾಷಣ ತಿದ್ದಿಕೊಡಿ ಅಂತ ಏಳು ಹಾಳೆ ಮುಂದಿಟ್ಟೆ.

ಆ ಏಳು ಹಾಳೆ ಈಗ ನನ್ನ ಎದುರಿಗಿವೆ. ಮೊದಲ ಹಾಳೆಯ ಮೊದಲ ಸಾಲು, ನಿನ್ನ ದುಂಡು ಅಕ್ಷರದ ಇಂಗ್ಲಿಷಿನಲ್ಲಿ, ಹೀಗಿದೆ: ಈ ತೊಟ್ಟಿ ಬೀಳಬಹುದು, ಅರ್ಧಕ್ಕಿಂತ ಹೆಚ್ಚು ನೀರು ತುಂಬಿಸಬೇಡಿ, ಇವತ್ತಿನಿಂದಲೇ ಅದರ ಕೆಳಗೆ ಯಾರನ್ನೂ ಬಿಡಬೇಡಿ. ಇಷ್ಟೇ. ಮೂರನೇ ಕ್ಲಾಸಿನ ಮಗುವಿಗೂ ತಿಳಿಯುವ ಹಾಗೆ ಬರೆದಿದ್ದೆ ಮಗು ನೀನು. ನಾನು ಕೆಂಪು ಪೆನ್ಸಿಲು ತೆಗೆದುಕೊಂಡು ಆ ಸಾಲಿಗೆ ಸುತ್ತು ಹಾಕಿದೆ. ಅಲ್ಲಿಂದ ಅಂಚಿನವರೆಗೆ ಒಂದು ಬಾಣ ಎಳೆದು 'ಕೊನೆಯ ಹಾಳೆಗೆ' ಎಂದು ಬರೆದೆ. ಅದು ಸಾಲದೆಂದು, ಬೀಳಬಹುದು ಎಂಬುದನ್ನು ಹೊಡೆದು 'ಗಮನ ಹರಿಸುವುದು ಸೂಕ್ತವೆಂದು ತೋರುತ್ತದೆ' ಎಂದು ತಿದ್ದಿದೆ. "ಸಾರ್, ಕೇಳೋ ಅಷ್ಟು ಹೊತ್ತು ಅವರು ಇರ್ತಾರಾ?" ಎಂದು ನೀನು ಕೇಳಿದೆ. "ನನ್ನ ಶಿಷ್ಯೆ ಮಾತಾಡುವಾಗ ಯಾವನಮ್ಮ ಏಳ್ತಾನೆ?" ಅಂದೆ.

ಇನ್ನೊಂದು ಕಾರಣ ಇತ್ತು. ಅದನ್ನು ಆವತ್ತು ಹೇಳಲಿಲ್ಲ. ಟ್ರಸ್ಟಿನ ಅಧ್ಯಕ್ಷರು ಬದರೀನಾರಾಯಣ. ಆ ತೊಟ್ಟಿ ಕಟ್ಟಿಸಿದವರು ಅವರ ತಂದೆ. ಕಂಬದ ಮೇಲೆ ಕಲ್ಲಿನಲ್ಲಿ ಹೆಸರಿತ್ತು. ಅವರ ಸಭಾಂಗಣ ನನಗೆ ಮಾರ್ಚಿನಲ್ಲಿ ಬೇಕಾಗಿತ್ತು, ಕಾಲೇಜಿನ ನಾಟಕಕ್ಕೆ. ಅಪ್ಪನ ತೊಟ್ಟಿ ಬೀಳುತ್ತದೆಂದು ಬಾಯಿ ತೆರೆದ ಕೂಡಲೇ ಹೇಳಿಸಿದರೆ ಸಭಾಂಗಣ ಕೊಡುತ್ತಾರೆಯೇ ಎಂದು ಮನಸ್ಸಿನ ಮೂಲೆಯಲ್ಲಿ ಕೂತ ಒಬ್ಬ ಕಂಪನಿ ಮ್ಯಾನೇಜರು ಕೇಳಿದ. ನಾನು ಅವನ ಮಾತು ಕೇಳಿದೆ. ಸಭಾಂಗಣ ಸಿಕ್ಕಿತು. ನಾಟಕವೂ ಆಯಿತು. ಚಪ್ಪಾಳೆ ಬಂತು.

ಸಭೆಯ ದಿನ ನೀನು ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದೆ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನಾಂದಿ ಚೆನ್ನಾಗಿ ಬಂತು. ದಾನಿಗಳ ಸ್ತುತಿಗೆ ಬದರೀನಾರಾಯಣ ತಲೆದೂಗಿದರು. ತೊಟ್ಟಿಯ ನೀರು ಕುಡಿದು ಬೆಳೆದವರ ಹಾಸ್ಯಕ್ಕೆ ಇಡೀ ಸಭೆ ನಕ್ಕಿತು. ಏಳನೇ ನಿಮಿಷಕ್ಕೆ ಅವರು ಗಡಿಯಾರ ನೋಡಿಕೊಂಡರು, ವಿಶ್ವೇಶ್ವರಪುರಂನಲ್ಲಿ ಯಾರದೋ ನಾಮಕರಣ. ಕೈಮುಗಿದು ಎದ್ದರು. ಅಧ್ಯಕ್ಷರು ಎದ್ದ ಮೇಲೆ ಕಾರ್ಯದರ್ಶಿ ಕೂರುತ್ತಾನೆಯೇ? ಕಾರ್ಯದರ್ಶಿ ಎದ್ದ ಮೇಲೆ ಖಜಾಂಚಿ? ಕಾರಿನವರೆಗೂ ಬಿಟ್ಟು ಬರುವುದು ನಮ್ಮಲ್ಲಿ ಮರ್ಯಾದೆ. ಎಲ್ಲರೂ ಮೆಟ್ಟಿಲಿಳಿದು ಹೋದರು, ಅಲ್ಲಿಂದ ಹಾಗೇ ಉಪ್ಪಿಟ್ಟು ಕಾಫಿಗೆ ತಿರುಗಿದರು.

ನೀನು ನಿಲ್ಲಿಸಲಿಲ್ಲ. ನಿಲ್ಲಿಸಬಾರದೆಂದು ನಾನೇ ಕಲಿಸಿದ್ದೆ. ಜನರಿಲ್ಲದಿದ್ದರೂ ಪಾತ್ರ ಮುಗಿಸಿಯೇ ಇಳಿಯಬೇಕು ಎಂದು. ಏಳನೇ ಹಾಳೆಯನ್ನು ನೀನು ನಲವತ್ತು ಖಾಲಿ ಕುರ್ಚಿಗಳಿಗೆ ಓದಿದೆ. ಕೇಳುತ್ತಿದ್ದವರು ನಾನು, ಲೋಟ ಆರಿಸುತ್ತಾ ಬಂದ ಪಿಳ್ಳಮ್ಮ, ಇಬ್ಬರೇ. ಅವಳು ಲೋಟದ ತಟ್ಟೆ ಹಿಡಿದುಕೊಂಡು ನೀನು ಮುಗಿಸುವವರೆಗೂ ನಿಂತಿದ್ದಳು. ಇಂಗ್ಲಿಷು ಒಂದಕ್ಷರ ಗೊತ್ತಿಲ್ಲದ ಹೆಂಗಸು. ಆದರೂ ನಿಂತಿದ್ದಳು.

ವರದಿಯ ಪ್ರತಿಯನ್ನು ನೀನು ಕಾರ್ಯದರ್ಶಿಗೆ ಕೊಟ್ಟೆ, ಅದು ನನಗೆ ಗೊತ್ತು. ಅದರಲ್ಲೂ ಆ ಮಾತು ಕೊನೆಯ ಹಾಳೆಯಲ್ಲೇ, ನನ್ನ ಸೂಕ್ತ, ನನ್ನ ತೋರುತ್ತದೆಗಳ ಒಳಗೆ ಮಲಗಿತ್ತು. ಯಾರೂ ಅಲ್ಲಿಯವರೆಗೆ ತಿರುವಿ ಹಾಕಲಿಲ್ಲ.

ಜೂನಿನಲ್ಲಿ ಆದದ್ದನ್ನು ನಾನು ಬಣ್ಣಿಸುವುದಿಲ್ಲ. ಬಣ್ಣಿಸುವುದೇ ನನ್ನ ಕಸುಬು, ಆದರೂ ಇಲ್ಲ. ಎರಡು ದಿನ ಬಾರದೆ ನಿಂತಿದ್ದ ನಲ್ಲಿ ನೀರು ಆವತ್ತು ಬಂತು, ತೊಟ್ಟಿ ಕಂಠಮಟ್ಟ ತುಂಬಿಸಿದರು. ಪಿಳ್ಳಮ್ಮ ಯಾವತ್ತಿನ ಹಾಗೆ ಅದರ ನೆರಳಿನಲ್ಲಿ, ಒದ್ದೆ ಚಪ್ಪಡಿಯ ತಂಪಿಗೆ, ರಾತ್ರಿಯಡುಗೆಗೆ ಅಕ್ಕಿ ಕೇರುತ್ತಾ ಕೂತಿದ್ದಳು. ಮೊರ ಒಂದು ಕಡೆ ಸಿಕ್ಕಿತು.

ಜುಲೈನಲ್ಲಿ ಸಮಿತಿ ಕೂತಿತು. ಟ್ರಸ್ಟಿನವರು, ನಮಗೆ ಯಾರೂ ಹೇಳಲೇ ಇಲ್ಲ ಎಂದರು. ನಿನ್ನ ಪ್ರಾಜೆಕ್ಟಿನ ಗೈಡು ಮಧುಸೂದನ್, ಲೆಕ್ಕ ಸರಿಯಿದೆ, ಭಾಷೆ ನನ್ನ ವಿಭಾಗವಲ್ಲ ಎಂದು ಕೈ ತೊಳೆದುಕೊಂಡ. ಆಮೇಲೆ ನನಗೊಂದು ಚೀಟಿ ಬಂತು. ಕುಮಾರಿ ಮೈತ್ರೇಯಿಯ ಭಾಷಣವನ್ನು ತಾವು ಮುಂಚಿತವಾಗಿ ನೋಡಿದ್ದಿರಾ? ಅದರ ಕೆಳಗೆ ನಾನು ಬರೆದೆ: ನೋಡಿಲ್ಲ. ಅಷ್ಟೇ. ನಾಂದಿಯಿಲ್ಲ, ಸ್ತುತಿಯಿಲ್ಲ, ಹಾಸ್ಯವಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಅತ್ಯಂತ ಸ್ಪಷ್ಟವಾದ ವಾಕ್ಯ, ಮತ್ತು ಅದು ಸುಳ್ಳು. ಮಾರ್ಚಿಗೆ ನನ್ನ ನಿವೃತ್ತಿ. ವೇದಿಕೆ, ಶಾಲು, ಹಣ್ಣಿನ ಬುಟ್ಟಿ, ಹಳೆಯ ವಿದ್ಯಾರ್ಥಿಗಳ ಮಾತು. ಒಂದು ಶಾಲಿಗೋಸ್ಕರ ಕಣಮ್ಮ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅದೂ ಅಲ್ಲ. ಮೊನ್ನೆ ಮಧುಸೂದನ್ ಕಾರಿಡಾರಿನಲ್ಲಿ ಸಿಕ್ಕಿ ಹೇಳಿದ. ಸಮಿತಿ ನಿನ್ನನ್ನೂ ಕೇಳಿತಂತೆ, ಇದನ್ನು ಯಾರಾದರೂ ತಿದ್ದಿಕೊಟ್ಟರೇ ಎಂದು. ನೀನು ನನ್ನ ಚೀಟಿಯನ್ನು ನೋಡಿದೆಯಂತೆ. ಮೇಜಿನ ಮೇಲೇ ಇತ್ತಂತೆ. "ಬರೆದದ್ದು ನಾನೇ" ಅಂದೆಯಂತೆ. "ಎಂಥಾ ಶಿಷ್ಯೆ ಸಾರ್ ನಿಮಗೆ" ಎಂದು ಹೇಳಿ ಅವನು ಸ್ಟಾಫ್ ರೂಮಿಗೆ ಹೋದ.

ನೀನು ಟೈಪ್ ಮಾಡಿಸಿದ ಮೇಲೆ ಕರಡು ನನ್ನ ಹತ್ತಿರವೇ ಉಳಿದಿತ್ತು. ಮುಂದಿನ ಬ್ಯಾಚಿಗೆ ಮಾದರಿಯೆಂದು ತೋರಿಸಲು ತಂದೆಯವರ ಟ್ರಂಕಿನಲ್ಲಿ ಎತ್ತಿಟ್ಟಿದ್ದೆ. ಇವತ್ತು ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಏಳೂ ಹಾಳೆಗಳ ಝೆರಾಕ್ಸ್ ಮಾಡಿಸಿದೆ. ಕೆಂಪು ಬಾಣ ಅದರಲ್ಲಿ ಕಪ್ಪಾಗಿ ಬಂದಿದೆ, ಆದರೂ ಕೈಬರಹ ನನ್ನದೆಂದು ಯಾರಿಗಾದರೂ ತಿಳಿಯುತ್ತದೆ. ಒಂದು ಪ್ರತಿ ಇದರ ಜೊತೆಗಿದೆ. ಅಸಲನ್ನು ನಾಳೆ ನಾನೇ ತರುತ್ತೇನೆ. ಅಕಸ್ಮಾತ್ ನಾನು ಬರದೇ ಹೋದರೆ ನೀನು ಕಾಯಬೇಡ, ಪ್ರತಿಯನ್ನು ಮೇಜಿನ ಮೇಲೆ ಇಟ್ಟುಬಿಡು. ನನ್ನ ಧೈರ್ಯ ನನಗೆ ಚೆನ್ನಾಗಿ ಗೊತ್ತು. ಅದನ್ನು ನಂಬಿಕೊಂಡು ನೀನು ಕೂರಬಾರದು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ಊಟ ಸರಿಯಾಗಿ ಮಾಡು. ಅಮ್ಮನ ಜೊತೆ ಮಾತಾಡು, ಒಂದೊಂದೇ ಮಾತಾದರೂ ಸರಿ.

ನಿನಗೆ ಪಾಠ ಹೇಳಿದವನು,
ಸಂಕರ್ಷಣ

ಮತ್ತೆ: ಹಾಳೆ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಹೇಳಬೇಕಾದದ್ದನ್ನು ಇಲ್ಲೂ ಕೊನೆಗೇ ಇಟ್ಟುಕೊಂಡಿದ್ದೇನೆ.

ಸಭೆಯ ದಿನ ನೀನು ಕಣ್ಣೊರೆಸಿಕೊಂಡು ಹೊರಗೆ ಹೋದ ಮೇಲೆ ಪಿಳ್ಳಮ್ಮ ನನ್ನ ಹತ್ತಿರ ಬಂದಳು. "ಆ ಮಗ ಅಷ್ಟೊಂದು ಸಂಕಟ ಪಟ್ಕೊಂಡು ಏನ್ ಹೇಳ್ತು ಸಾಮಿ? ಗಡಿಗೆ ತಟ್ಟಿ ನೋಡೋ ಹಂಗೆ ಕಂಬ ತಟ್ಟಿ ತಟ್ಟಿ ನೋಡ್ತಿತ್ತು. ಸೀಳ್ ಬಿಟ್ಟೈತಾ ಕಂಬ?" ಎಂದು ಕೇಳಿದಳು. ನಿನ್ನ ಎರಡು ತಿಂಗಳ ಲೆಕ್ಕವನ್ನೆಲ್ಲಾ ಒಂದೇ ಪ್ರಶ್ನೆ ಮಾಡಿ ನನ್ನ ಮುಂದೆ ಹಿಡಿದಿದ್ದಳು. ನಾನು ಹೂಂ ಅಂದಿದ್ದರೆ ಸಾಕಾಗಿತ್ತು. ಸಭೆ ಕೆಟ್ಟಿತೆಂಬ ಸಿಟ್ಟಿನಲ್ಲಿದ್ದೆ. "ಅದೆಲ್ಲಾ ದೊಡ್ಡವರ ವಿಚಾರ ಕಣಮ್ಮ, ಉಪ್ಪಿಟ್ಟು ಮಿಕ್ಕಿದೆಯಾ ನೋಡು" ಅಂದೆ. ಅವಳು ಹೋಗಿ ಬಿಸಿಯಾಗಿ ಒಂದು ತಟ್ಟೆ ತಂದುಕೊಟ್ಟಳು. ನಾನು ತಿಂದೆ.

ಇದು ಯಾವ ಹಾಳೆಯಲ್ಲೂ ಇಲ್ಲ. ನೋಡಿದವರು, ಕೇಳಿದವರು ಯಾರೂ ಇಲ್ಲ. ಪಿಳ್ಳಮ್ಮನ ಮಗಳು ಬಿಂದು ಗವಿಪುರದಲ್ಲಿ, ದೇವಸ್ಥಾನದ ಇಳಿಜಾರಿನ ಹತ್ತಿರ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಅವಳ ಮನೆಗೆ ಹೋಗುತ್ತೇನೆ. ಅವಳು ಬಾಗಿಲು ತೆಗೆದ ಕೂಡಲೇ, ಕೂರಿ ಅನ್ನುವ ಮೊದಲೇ, ನಿಮ್ಮಮ್ಮ ನನ್ನನ್ನು ಕೇಳಿದ್ದರು, ನಾನು ಹೇಳಲಿಲ್ಲ ಎಂದು ಹೇಳುತ್ತೇನೆ. ಅಲ್ಲಿಂದ ನಡೆದುಕೊಂಡೇ ಕಾಲೇಜಿಗೆ ಬಂದು, ಹನ್ನೊಂದಕ್ಕೆ ಮೊದಲು ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ.