ರೇವವ್ವನ ನಗು

೯ ಫೆಬ್ರವರಿ ೧೯೭೬, ಮಸೂತಿ

ಇವತ್ತೂ ಸುಳ್ಳು ಹೇಳಿದೆ. ಶೂಟಿಂಗ್ ನೋಡಲು ಬಂದವರು ತಮ್ಮನ್ನೂ ತೆಗೆಯಿರೆಂದು ಪೀಡಿಸಿದರೆ, ರೀಲು ಹಾಕದೆಯೇ ಕ್ಯಾಮೆರಾ ಓಡಿಸಿ ಸಮಾಧಾನ ಮಾಡುವುದು ನನ್ನ ಹಳೆಯ ಚಾಳಿ. ಫಿಲ್ಮು ಅಷ್ಟು ದುಬಾರಿ. ಕಳೆದ ತಿಂಗಳು ಶೇವಂತೆವ್ವನ ಬಸುರಿ ಮಗಳು ರೇವವ್ವ ಕುಬಸದ, ಎಂದರೆ ಸೀಮಂತದ, ಹಸಿರು ಸೀರೆಯುಟ್ಟು ಬಂದು ನಿಂತಾಗಲೂ ಹಾಗೇ ಮಾಡಿದ್ದೆ. ಮೊನ್ನೆ ಹೆರಿಗೆಯಲ್ಲಿ ಆ ಹುಡುಗಿ ತೀರಿಕೊಂಡಳು.

ಮಧ್ಯಾಹ್ನ ಶೇವಂತೆವ್ವ ಬಂದಳು.

"ಮನ್ಯಾಗ ಆಕಿದೊಂದು ಫೋಟೋ ಸುದ್ದಾ ಇಲ್ರಿ. ನಿಮ್ಮ ಪಿಚ್ಚರದಾಗ ಅದಾಳಲ್ರಿ, ಒಮ್ಮಿ ತೋರಸ್ರಿ."

"ರೀಲು ತೊಳ್ಯಾಕ ಮದ್ರಾಸಿಗೆ ಹೋಗೇತಿ, ಯವ್ವಾ," ಎಂದೆ.

"ಬರಲಿ ಬಿಡ್ರಿ, ಕಾಯ್ತೇನಿ. ಆಕಿ ನಕ್ಕಿದ್ಲೇನ್ರಿ ಅದರಾಗ?"

ನಕ್ಕಿದ್ದಳು. ಸರಿ ಬರಲಿಲ್ಲವೆಂದು ಇನ್ನೊಮ್ಮೆ ನಗಿಸಿದ್ದೆ, ಆ ಖಾಲಿ ಕ್ಯಾಮೆರಾದ ಮುಂದೆ.